ಆದೋನಿ ಸರ್ವರಿನ ಸೋಮವಾರ

"ಸರ್ವರ್ ಬಿದ್ದೈತಿ" ಎಂದು ಬ್ರಾಂಚಿನವರು ಮನೆಗೆ ಫೋನ್ ಮಾಡಿ, ಅದನ್ನು ನಮ್ಮ ಅತ್ತೆಯವರು ಎತ್ತಿಕೊಂಡರೆ ಮುಗಿಯಿತು. "ಅಯ್ಯ ಶಿವನ! ಭಾಳ ಪೆಟ್ಟಾಗೇತೇನ್ರಿ?" ಎಂದು ಕೇಳುವರು. ಅತ್ತ ಕಡೆಯ ಗುಮಾಸ್ತನೂ ಅಷ್ಟೇ ಗಂಭೀರವಾಗಿ, "ಏನು ಮಾಡಿದರೂ ಏಳವಲ್ದ್ರಿ ಅಮ್ಮಾರ" ಎನ್ನುವನು. ಅತ್ತೆ ದೇವರ ಮುಂದೆ ದೀಪ ಹಚ್ಚಿ ಕೂತುಬಿಡುವರು. ನಾನು ಆಫೀಸಿನಿಂದ ಬಂದು "ಎದ್ದಿತು" ಎಂದ ಮೇಲೆಯೇ ಅವರಿಗೆ ಊಟ ಸೇರುತ್ತಿತ್ತು. ನನ್ನ ಇಡೀ ನೌಕರಿಯಲ್ಲಿ ಸರ್ವರುಗಳ ಬಗ್ಗೆ ಇಷ್ಟು ಕಳಕಳಿ ಇದ್ದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಈಗ ಇದನ್ನೆಲ್ಲ ಬರೆಯಲು ಕಾರಣ ನಮ್ಮಣ್ಣನ ಮೊಮ್ಮಗಳು ಅಪೂರ್ವ. ಮೊನ್ನೆ ಇಲ್ಲೇ ಹೈದರಾಬಾದಿನ ಮಾದಾಪುರದ ಒಂದು ಕಂಪನಿಯಲ್ಲಿ ಸರ್ವರ್ ಕಾಯುವ ಕೆಲಸಕ್ಕೇ ಸೇರಿದಳು. ದಿಲ್‌ಸುಖ್‌ನಗರದ ನಮ್ಮ ಮನೆಗೆ ಸಿಹಿ ತಂದುಕೊಟ್ಟು, "ಅಜ್ಜಿ, ನಿಮ್ಮ ಕಾಲದಾಗೂ ಮಾನಿಟರಿಂಗ್ ಅಂತ ಇತ್ತೇನು?" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಕಾಲವಂತೆ! ನಾನೇನು ನಿಜಾಮನ ಆಸ್ಥಾನದಲ್ಲಿ ಕಂದೀಲು ಹಿಡಿದು ನಿಂತಿದ್ದೆನೇ? ಇತ್ತು ತಾಯಿ, ನಮ್ಮ ಕಾಲದಲ್ಲೂ ಇತ್ತು. ಅದರಿಂದ ಒಬ್ಬ ಒಳ್ಳೆಯ ಮನುಷ್ಯ ಕಳ್ಳನೆಂಬ ಹೆಸರು ಹೊತ್ತು ಬೀದಿಗೆ ಬೀಳುವುದರಲ್ಲೂ ಇದ್ದ. ಅವನ ಹೆಸರು ಸತ್ತಾರ್, ನನ್ನ ಜೊತೆಗಾರ. ಅವನ ಕಥೆ ಹೇಳುವುದಕ್ಕೇ ಕೂತಿದ್ದೇನೆ. ಆದರೆ ನಾವು ಕೆಲಸ ಮಾಡುತ್ತಿದ್ದ ರೀತಿ ತಿಳಿಯದಿದ್ದರೆ ಆ ಕಥೆಯ ತಲೆಬುಡ ಗೊತ್ತಾಗುವುದಿಲ್ಲ, ಹಾಗಾಗಿ ಸ್ವಲ್ಪ ಸುತ್ತುಹಾದಿ ಹಿಡಿಯುತ್ತೇನೆ.

ನಮ್ಮದು ಪಾರ್ಸೆಲ್ ಸಾಗಿಸುವ ಖಾಸಗಿ ಕಂಪನಿ. ಮುಖ್ಯ ಕಚೇರಿ ಮೊದಲು ಕಾಚಿಗುಡಾದಲ್ಲಿತ್ತು, ಆಮೇಲೆ ಎಲ್ಲರಂತೆ ಮಾದಾಪುರಕ್ಕೆ ಹೋಯಿತು. ವರಂಗಲ್, ಕರೀಂನಗರ, ಗುಂಟೂರು, ನಿಜಾಮಾಬಾದ್, ಕರ್ನೂಲು, ಆದೋನಿ, ಹೀಗೆ ಆಗಿನ ಅಖಂಡ ಆಂಧ್ರಪ್ರದೇಶದ ಉದ್ದಗಲಕ್ಕೂ ಬ್ರಾಂಚುಗಳು. ಪ್ರತಿ ಬ್ರಾಂಚಿಗೂ ಒಂದೊಂದು ಸರ್ವರ್. ಅದು ನೀವು ಅಂದುಕೊಂಡಂತೆ ತಣ್ಣನೆಯ ಗಾಜಿನ ಕೋಣೆಯಲ್ಲಿ ಇರುತ್ತಿರಲಿಲ್ಲ. ಮೇಜಿನ ಕೆಳಗೆ, ಗುಮಾಸ್ತರ ಚಪ್ಪಲಿ ಮತ್ತು ಊಟದ ಡಬ್ಬಿಯ ನಡುವೆ ಇರುತ್ತಿತ್ತು. ಪಾರ್ಸೆಲ್ ತಂದವರಿಗೆ ರಸೀದಿ ಕೊಡುವುದು, ಲಾರಿ ಹೊರಟಿದ್ದನ್ನು ಬರೆದುಕೊಳ್ಳುವುದು, ಆಮೇಲೆ ಟೆಲಿಫೋನ್ ತಂತಿಯ ಮೂಲಕ ಎಲ್ಲವನ್ನೂ ಹೈದರಾಬಾದಿಗೆ ಕಳಿಸುವುದು ಅದರ ಕೆಲಸ. ಇವುಗಳಲ್ಲಿ ಯಾವುದು ನಡೆಯುತ್ತಿದೆ, ಯಾವುದು ಮಲಗಿದೆ ಎಂದು ಹೈದರಾಬಾದಿನಲ್ಲಿ ಕೂತು ನೋಡುವುದು ನನ್ನ ಕೆಲಸ.

ಮೊದಮೊದಲು ನೋಡುವುದು ಎಲ್ಲಿ ಬಂತು, ಬರೀ ಕೇಳುವುದು. ಬೆಳಗ್ಗೆ ಆಫೀಸಿಗೆ ಹೋದವಳೇ ಒಂದೊಂದೇ ಬ್ರಾಂಚಿಗೆ ಫೋನ್ ಮಾಡಿ, "ಸರ್ವರ್ ಹೇಗಿದೆ?" ಎಂದು ಕೇಳುತ್ತಿದ್ದೆ. ಎಲ್ಲರದೂ ಒಂದೇ ಉತ್ತರ: "ಅಂತಾ ಬಾಗುಂದಿ ಮೇಡಂ." ಎಲ್ಲಾ ಚೆನ್ನಾಗಿದೆ. ನಾನೂ ಖುಷಿಯಿಂದ ಸರಿ ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಒಮ್ಮೆ ಕರೀಂನಗರದಿಂದ ವಾರದ ಲೆಕ್ಕವೇ ಬರಲಿಲ್ಲ. ವಿಚಾರಿಸಿದರೆ, ಕ್ರಿಕೆಟ್ ಪಂದ್ಯ ನಡೆದಿತ್ತಂತೆ, ಊರಲ್ಲಿ ಕರೆಂಟ್ ಕಡಿತವಂತೆ, ಸರ್ವರಿನ ಬ್ಯಾಟರಿಯನ್ನು ಟಿವಿಗೆ ಹಚ್ಚಿದ್ದರಂತೆ. "ಮತ್ತೆ ದಿನಾ ಬೆಳಗ್ಗೆ ಚೆನ್ನಾಗಿದೆ ಅಂದಿರಲ್ಲಪ್ಪಾ?" ಎಂದು ನಾನು ಕೂಗಾಡಿದೆ. ಅಲ್ಲಿನ ಗುಮಾಸ್ತ ಬಹಳ ನೊಂದುಕೊಂಡ. "ಬೋಣಿ ಹೊತ್ತು ಮೇಡಂ. ದಿನದ ಮೊದಲ ಫೋನಿನಲ್ಲೇ ಕೆಟ್ಟ ಸುದ್ದಿ ಹೇಗೆ ಹೇಳೋದು?"

ನಗಬೇಡಿ, ಅವನ ಮಾತಿನಲ್ಲಿ ನ್ಯಾಯವಿತ್ತು. ಅಂಗಡಿ ತೆರೆದು ಮೊದಲ ಗಿರಾಕಿ ಬರುವ ಮುಂಚೆ ನಮ್ಮ ಕಡೆ ಯಾರು ತಾನೇ ಅಪಶಕುನ ನುಡಿಯುತ್ತಾರೆ? ಅಂದಿನಿಂದ ನಾನು ಬೆಳಗಿನ ಫೋನನ್ನು ಬರೀ ಯೋಗಕ್ಷೇಮಕ್ಕೆ ಬಿಟ್ಟೆ. ಎರಡನೇ ಸುತ್ತಿನ ಚಹಾ ಆದ ಮೇಲೆ ಇನ್ನೊಮ್ಮೆ ಫೋನ್ ಮಾಡಿ ನಿಜ ಕೇಳುತ್ತಿದ್ದೆ. ಆಗ ಅದೇ ಜನ ಒಂದೂ ಬಿಡದೆ ಎಲ್ಲ ರೋಗವನ್ನೂ ಹೇಳುತ್ತಿದ್ದರು.

ಲಾಗ್ ತರಿಸುವುದು ಇನ್ನೊಂದು ಫಜೀತಿ. ಲಾಗ್ ಎಂದರೆ ಯಂತ್ರ ತಾನು ಮಾಡಿದ ಒಂದೊಂದು ಕೆಲಸವನ್ನೂ ಹೊತ್ತುಗೊತ್ತಿನ ಸಮೇತ ಸಾಲುಸಾಲಾಗಿ ಬರೆದಿಟ್ಟುಕೊಳ್ಳುವ ದಿನಚರಿ. ಟೆಲಿಫೋನ್ ತಂತಿ ಸೊರಗಿದ್ದ ದಿನಗಳಲ್ಲಿ ಬ್ರಾಂಚಿನವರು ಅದನ್ನು ಫ್ಲಾಪಿಗೆ ತುಂಬಿ, ಹೇಗೂ ನಮ್ಮದೇ ಲಾರಿಯಲ್ಲವೇ ಎಂದು ಪಾರ್ಸೆಲ್ಲಿನಲ್ಲಿ ಹಾಕಿ ಕಳಿಸುತ್ತಿದ್ದರು. ಗುಂಟೂರಿನ ಫ್ಲಾಪಿ ಮೆಣಸಿನಕಾಯಿ ಮೂಟೆಯ ಪಕ್ಕದಲ್ಲೇ ಕೂತು ಬರುತ್ತಿತ್ತು. ಲಕೋಟೆ ಬಿಚ್ಚಿದೊಡನೆ ಇಡೀ ವಿಭಾಗ ಸೀನುತ್ತಿತ್ತು. ಯಾರಾದರೂ ಒಂಟಿ ಸೀನು ಸೀನಿದರೆ ನಮ್ಮ ಜನರಲ್ ಮ್ಯಾನೇಜರ್ ಸೀತಾಪತಿ ಗಾರು ಹೊರಟವರು ನಿಂತುಬಿಡುತ್ತಿದ್ದರು, ಇನ್ನೊಂದು ಸೀನು ಬರುವ ತನಕ ಕದಲುತ್ತಿರಲಿಲ್ಲ. ಗುಂಟೂರಿನ ದಿನ ಅವರಿಗೆ ಆ ತೊಂದರೆ ಇರಲಿಲ್ಲ.

ಸೀತಾಪತಿ ಗಾರು ಕೆಟ್ಟವರಲ್ಲ. ಹಣೆಯಲ್ಲಿ ನಾಮ, ಬೆರಳಲ್ಲಿ ಹವಳದುಂಗುರ, ಬಾಯಲ್ಲಿ ಯಾವಾಗಲೂ ಏರುದನಿಯ ತೆಲುಗು. ಆ ತೆಲುಗನ್ನು ನಾನಿಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ಅವರಿಗೆ ಒಂದೇ ಒಂದು ದೋಷ: ಕಂಪ್ಯೂಟರು ಹೇಳಿದ್ದೆಲ್ಲ ವೇದವಾಕ್ಯ. ಎತ್ತು ಈಯಿತು ಎಂದು ಕಂಪ್ಯೂಟರ್ ಹೇಳಿದರೆ ಕೊಟ್ಟಿಗೆಯಲ್ಲಿ ಕರು ಕಟ್ಟಲು ಹಗ್ಗ ಹುಡುಕುವ ಜಾತಿ.

ಈ ಹೊತ್ತಿಗೆ ಸತ್ತಾರ್ ಬಂದು ಸೇರಿದ್ದ. ರಾಯಚೂರಿನವನು, ನನ್ನೊಡನೆ ಕನ್ನಡ, ಉಳಿದವರೊಡನೆ ದಖನಿ ಉರ್ದು. ಸಣ್ಣ ದನಿ, ಚುರುಕು ಕೈ. ನಾವಿಬ್ಬರೂ ಸೇರಿ ಒಂದು ವ್ಯವಸ್ಥೆ ಮಾಡಿದೆವು. ಪ್ರತಿ ಸರ್ವರೂ ಆಗಾಗ "ನಾನಿದ್ದೇನೆ" ಎಂದು ಹೈದರಾಬಾದಿಗೆ ಹೇಳಬೇಕು. ಹೇಳಿದರೆ ಗೋಡೆಯ ಪರದೆಯ ಮೇಲೆ ಆ ಊರಿನ ಬೊಟ್ಟು ಹಸಿರು, ಹೇಳದಿದ್ದರೆ ಕೆಂಪು. ಮಾದಾಪುರದ ಕಚೇರಿಯಲ್ಲಿ ಅದನ್ನು ನೋಡಲು ಗಿರಾಕಿಗಳು, ದೊಡ್ಡ ದೊಡ್ಡ ಮನುಷ್ಯರು ಬರತೊಡಗಿದರು. ಸೀತಾಪತಿ ಗಾರು ನನ್ನನ್ನು ಕರೆದು, "ಏನಮ್ಮಾ ಇದು, ಬಂದವರ ಕಣ್ಣಿಗೆ ಕೆಂಪು ಹೊಡೆಯುತ್ತದೆ. ತೆಗೆಸು" ಎಂದರು.

"ಸರ್, ಕೆಂಪು ತೆಗೆದರೆ ಕೆಟ್ಟದ್ದು ಯಾವುದು ಅಂತ ಹೇಗೆ ತಿಳಿಯೋದು?"

"ತೆಳು ಹಸಿರು ಮಾಡು."

ಮಾಡಿದೆವು. ಚೆನ್ನಾಗಿರುವ ಸರ್ವರ್ ದಟ್ಟ ಹಸಿರು, ಜಡ್ಡು ಬಿದ್ದದ್ದು ತೆಳು ಹಸಿರು, ಸತ್ತದ್ದು ಇನ್ನೂ ತೆಳು ಹಸಿರು. ಸತ್ತಾರ್ ಪರದೆಯ ಮುಂದೆ ನಿಂತು ಕಣ್ಣು ಕಿರಿದು ಮಾಡಿ, "ಮೇಡಂ, ನಾವು ಸರ್ವರ್ ನೋಡಾಕತ್ತೀವೋ, ಪಾಲಕ್ ಆರಿಸಾಕತ್ತೀವೋ?" ಎಂದ. ಒಂದು ದಿನ ಮುಂಬಯಿಯಿಂದ ಯಾರೋ ಬಂದು ಆ ಪರದೆ ನೋಡಿ ಚಪ್ಪಾಳೆ ತಟ್ಟಿ ಹೋದರು. ಅಂದು ಮಾದಾಪುರದ ರಸ್ತೆ ಅಗೆಯುವವರು ನಮ್ಮ ಟೆಲಿಫೋನ್ ಕೇಬಲನ್ನೇ ಕತ್ತರಿಸಿದ್ದರು. ಚಿತ್ರ ಹೊಸದಾಗದೆ ಹಿಂದಿನ ದಿನದ ಹಸಿರೇ ಗೋಡೆಯ ಮೇಲೆ ನಿಂತಿತ್ತು. ಸರ್ವರ್ ಕಾಯುವ ಯಂತ್ರವೇ ಬದುಕಿದೆಯೇ ಎಂದು ಕಾಯುವುದಕ್ಕೆ ಇನ್ನೊಂದು ಬೇಕೆಂದು ನಮಗೆ ಹೊಳೆದದ್ದು ಆಗಲೇ.

ಇನ್ನು ಟೈ ಕಟ್ಟಿಕೊಂಡು ಬಂದ ಸಲಹೆಗಾರನ ವಿಷಯ ಹೇಳದೆ ಇರಲಾರೆ. ಎಲ್ಲ ಊರಿನ ಲಾಗನ್ನೂ ತಾನಾಗಿ ಒಂದೇ ಕಡೆ ಸೇರಿಸುವ ಯಂತ್ರ ಹೂಡಿಕೊಟ್ಟ ಪುಣ್ಯಾತ್ಮ. ಒಳ್ಳೆಯದೇ. ಯಾವ ಸಾಲು ಬಂದರೂ ಆ ಯಂತ್ರ "ಬಂದು ಮುಟ್ಟಿತು" ಎಂದು ತನ್ನ ಲಾಗಿನಲ್ಲಿ ಬರೆದುಕೊಳ್ಳುತ್ತಿತ್ತು. ಸೇರಿಸಬೇಕಾದವುಗಳಲ್ಲಿ ಅದರ ಸ್ವಂತ ಲಾಗನ್ನೂ ಆತ ಸೇರಿಸಿಬಿಟ್ಟಿದ್ದ. ಹಾಗಾಗಿ "ಬಂದು ಮುಟ್ಟಿತು" ಎಂಬುದೂ ಬಂದು ಮುಟ್ಟಿತು, ಅದು ಮುಟ್ಟಿದ್ದೂ ಮುಟ್ಟಿತು. ಹೊಸ್ತಿಲಲ್ಲಿ ನಿಂತು "ಬರ್ತೀನ್ರಿ", "ಹೂಂ ಬರ್ರಿ", "ಹಂಗಾರ ಬರ್ತೀನ್ರಿ" ಎನ್ನುವ ನಮ್ಮ ಹೆಂಗಸರ ಬೀಳ್ಕೊಡುಗೆಯ ಹಾಗೆ ಮುಗಿಯಲೇ ಇಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಡಿಸ್ಕ್ ತುಂಬಿ ಯಂತ್ರ ಕಣ್ಣು ಮುಚ್ಚಿತು. ಸಲಹೆಗಾರ ಬಿರಿಯಾನಿಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದ.

ಇರಲಿ. ಆ ಯಂತ್ರ ಸರಿಹೋಯಿತು, ಲಾಗುಗಳೆಲ್ಲ ಒಂದೆಡೆ ಬರತೊಡಗಿದವು. ಸತ್ತಾರನಿಗೆ ಗ್ರಹಚಾರ ಹಿಡಿದದ್ದು ಆಮೇಲೆಯೇ.

ಆ ವರ್ಷದ ಆಡಿಟರು ಆದೋನಿಯ ಲಾಗ್ ನೋಡುತ್ತಾ ಕೂತವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆದೋನಿ ಹತ್ತಿ ಮಾರುಕಟ್ಟೆಯ ಊರು, ನಮಗೆ ದೊಡ್ಡ ವ್ಯಾಪಾರ. ಅಲ್ಲಿ ವಾರದ ಉಳಿದ ದಿನವೆಲ್ಲ ಸರಿ. ಸೋಮವಾರ ಮಾತ್ರ ಬೆಳಗಿನ ಪಾರ್ಸೆಲ್ಲುಗಳು ಮೊದಲು ಲಾರಿಯಲ್ಲಿ ಹೊರಟು, ಆಮೇಲೆ ಬುಕ್ ಆಗುತ್ತಿದ್ದವು. "ಏನ್ರೀ ಇದು, ಮೊದಲು ತೊಟ್ಟಿಲು, ಆಮೇಲೆ ಮದುವೆ?" ಎಂದರು ಆಡಿಟರು. ಒಂದು ಸೋಮವಾರವಲ್ಲ, ಎಲ್ಲ ಸೋಮವಾರವೂ ಹಾಗೆಯೇ. ಯಾರೋ ಲೆಕ್ಕದ ಹೊರಗೆ ಸರಕು ಸಾಗಿಸಿ, ಆಮೇಲೆ ರಸೀದಿ ತೂರಿಸುತ್ತಿದ್ದಾರೆ ಎಂದು ಅವರ ಅನುಮಾನ.

ಸೀತಾಪತಿ ಗಾರು ಲಾಗನ್ನು ತಾವೇ ಓದಿದರು. ಪ್ರತಿ ಸೋಮವಾರ ಬೆಳಗ್ಗೆ 'ಅಡ್ಮಿನ್' ಎಂಬ ಹೆಸರಿನಲ್ಲಿ ಯಾರೋ ಸರ್ವರಿನೊಳಗೆ ಬಂದಿದ್ದಾರೆ, ಗಡಿಯಾರ ಹಿಂದಕ್ಕೆ ಹೋಗಿದೆ, ಅದರ ಹಿಂದೆಯೇ ಹೈದರಾಬಾದಿನಿಂದ ಸತ್ತಾರ್ ಒಳಗೆ ಬಂದಿದ್ದಾನೆ. ಸೋಮವಾರ ಬೆಳಗ್ಗೆ ಆದೋನಿ ಸರ್ವರ್ ತಪಾಸಣೆ ಮಾಡುವುದು ಸತ್ತಾರನ ವಾರದ ಕೆಲಸ. ಅಡ್ಮಿನ್ ಹೆಸರಿನ ಪಾಸ್‌ವರ್ಡ್ ಕೂಡ ಕಾಗದದ ಮೇಲೆ ಅವನ ಸುಪರ್ದಿನಲ್ಲೇ ಇದ್ದದ್ದು. ಮುಗಿಯಿತಲ್ಲ! ಸೀತಾಪತಿ ಗಾರು ಕ್ಯಾಬಿನ್ನಿನಿಂದ ನಾವೆಲ್ಲ ಕೂರುವ ಹಾಲಿಗೆ ಬಂದು, ಎಲ್ಲರೂ ಕೆಲಸ ಮಾಡುತ್ತಿದ್ದಾಗ, ಎಲ್ಲರಿಗೂ ಕೇಳುವಂತೆ, "ಸತ್ತಾರ್, ನೀನು ಮಾಡಿದ ಕಳ್ಳತನ ಕಂಪ್ಯೂಟರೇ ಬರೆದಿಟ್ಟಿದೆ" ಎಂದರು. ಬರುವ ಮಂಗಳವಾರ ಸಂಜೆಯೊಳಗೆ ಒಪ್ಪಿಕೊಂಡು ರಾಜೀನಾಮೆ ಕೊಡಬೇಕು, ಇಲ್ಲವಾದರೆ ವಜಾ ಮಾಡಿ ಪೊಲೀಸರಿಗೆ ಬರೆಯುತ್ತೇವೆ ಎಂದರು.

ಸತ್ತಾರ್ ಎದ್ದು ನಿಂತ. ಲಾಗಿನಲ್ಲಿದ್ದದ್ದು ಅವನಿಗೂ ಅಷ್ಟೇ ಅಚ್ಚರಿ. ಅಂದು ಮಧ್ಯಾಹ್ನ ಅವನ ಮೇಜಿನ ಹತ್ತಿರ ಯಾರೂ ಊಟಕ್ಕೆ ಕೂರಲಿಲ್ಲ. ನಾನು ಡಬ್ಬಿ ತಗೊಂಡು ಹೋಗಿ ಕೂತೆ. ಜೋಳದ ರೊಟ್ಟಿ ಮುರಿದು ಅವನ ಮುಂದಿಟ್ಟರೆ ಕೈಯಲ್ಲೇ ಹಿಡಿದುಕೊಂಡು ಕೂತ.

"ನೌಕರಿ ಹೋದರ ಹೋಗ್ಲಿ ಮೇಡಂ. ಮತ್ತೊಂದು ಹುಡುಕ್ತೀನಿ. ಅಬ್ಬಾಗ ಏನಂತ ಹೇಳ್ಲಿ? ರೈಲ್ವೆದಾಗ ಅಷ್ಟು ವರ್ಷ ದುಡಿದು ಒಬ್ಬರ ಕಡಿಂದನೂ ಒಂದು ಮಾತು ಅನಿಸ್ಕೊಂಡಿಲ್ಲ ಅವರು. ಎಲ್ಲಾರ ಮುಂದ ಚೋರ್ ಅಂದ್ರಲ್ರೀ..."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮಲ್ಲಿ ಸುಮ್ಮನೆ ಹೇಳುವುದಿಲ್ಲ. ಆದರೆ ಸಿಟ್ಟು ಮಾಡಿದರೆ ಸೀತಾಪತಿ ಗಾರು ಬಗ್ಗುವವರಲ್ಲ, ಅವರಿಗೆ ಕಾರಣ ತೋರಿಸಬೇಕು. ಆದೋನಿಯ ಗುಮಾಸ್ತ ವೀರಭದ್ರಪ್ಪನಿಗೆ ಫೋನ್ ಮಾಡಿದೆ. ಬೋಣಿ ಹೊತ್ತು ಕಳೆದ ಮೇಲೆಯೇ ಮಾಡಿದೆ, ಬುದ್ಧಿ ಕಲಿತಿದ್ದೆನಲ್ಲ.

"ವೀರಭದ್ರಪ್ಪಾ, ಸೋಮವಾರ ಬೆಳಿಗ್ಗೆ ಸರ್ವರಿಗೆ ಏನಾದ್ರೂ ಆಗ್ತೈತೇನು?"

"ಏನಿಲ್ಲರಿ ಮೇಡಂ. ಎಲ್ಲಾ ಬರೋಬ್ಬರಿ ಐತ್ರಿ."

"ಗಡಿಯಾರ?"

"ಗಡಿಯಾರಂತೂ ಒಂದು ನಿಮಿಷ ಹಿಂದ ಮುಂದ ಇಲ್ಲರಿ. ಸತ್ತಾರ್ ಸಾಹೇಬ್ರನ್ನ ಕೇಳ್ರಿ ಬೇಕಾರ."

ನಿಜವೇ. ಸತ್ತಾರ್ ಪ್ರತಿ ಸೋಮವಾರ ನೋಡಿದಾಗಲೂ ಆದೋನಿಯ ಗಡಿಯಾರ ಸರಿಯಾಗಿಯೇ ಇರುತ್ತಿತ್ತು. ಫೋನಿನಲ್ಲಿ ಎಲ್ಲ ಚೆನ್ನಾಗಿದೆ, ಗೋಡೆಯ ಮೇಲೆ ಹಸಿರಾಗಿದೆ, ಲಾಗಿನಲ್ಲಿ ಮಾತ್ರ ಲಾರಿ ಮೊದಲು, ರಸೀದಿ ಆಮೇಲೆ. "ಸತ್ತಾರ್, ನಡಿ, ಆದೋನಿಗೆ ಹೋಗೂಣು. ಕಣ್ಣಾರೆ ನೋಡಿ ಬರೂಣು" ಎಂದೆ.

ಭಾನುವಾರ ಬೆಳಗ್ಗೆಯೇ ಬಸ್ಸು ಹಿಡಿದೆವು. ಹಿಂದಿನ ರಾತ್ರಿ ರಾಯಚೂರಿಗೆ ಫೋನ್ ಮಾಡಿ ತಂದೆಗೆ ಎಲ್ಲ ಹೇಳಿಬಿಟ್ಟೆನೆಂದು ಸತ್ತಾರ್ ದಾರಿಯಲ್ಲಿ ಹೇಳಿದ. ಆದೋನಿಯಲ್ಲಿ ನಮ್ಮ ಚಿಗವ್ವನ ಮನೆ. ಚಿಗವ್ವ ಸತ್ತಾರನ ಸೊರಗಿದ ಮುಖ ನೋಡಿ ಕಾರಣ ಕೇಳಲಿಲ್ಲ, ಅವನ ತಟ್ಟೆಗೆ ತುಪ್ಪ ಹಾಕುತ್ತಲೇ ಹೋದಳು. ಸೋಮವಾರ ಎಂಟಕ್ಕೆ ಬ್ರಾಂಚಿನ ಬಾಗಿಲಲ್ಲಿದ್ದೆವು.

ಹೇಳದೆ ಕೇಳದೆ ಬಂದ ನಮ್ಮನ್ನು ಕಂಡು ವೀರಭದ್ರಪ್ಪ ಹೆದರಲಿಲ್ಲ, ಹಿಗ್ಗಿದ. "ಬರ್ರಿ ಬರ್ರಿ! ಸತ್ತಾರ್ ಸಾಹೇಬ್ರೂ ಬಂದಾರ! ಮಂಡಕ್ಕಿ ಒಗ್ಗರಣಿ ತರಸ್ತೀನಿ ಕುಂದರ್ರಿ." ಹೊರಗೆ ಆಗಲೇ ಐದಾರು ವ್ಯಾಪಾರಿಗಳು ಮೂಟೆ ಇಳಿಸಿಕೊಂಡು ನಿಂತಿದ್ದರು. ಮುಂದಿದ್ದವರು ಬಸಣ್ಣ ಶೆಟ್ಟರು, ಹತ್ತಿ ಬೀಜದ ವ್ಯಾಪಾರಿ. ಅವರ ಮೂಟೆ ತೂಕವಾಯಿತು, ಹೆಸರು ವಿಳಾಸ ಎಲ್ಲ ಆಯಿತು. ಇನ್ನೇನು ರಸೀದಿ ಬರಬೇಕು, ವೀರಭದ್ರಪ್ಪ ಕೈ ಎತ್ತಿ ಅವರನ್ನು ತಡೆದ.

"ಒಂದೇ ನಿಮಿಷ ಶೆಟ್ರ. ಛಲೋ ಟೈಮ್ ಇನ್ನೂ ಬಂದಿಲ್ಲ, ತಡೀರಿ, ತರ್ತೀನಿ."

ತಂದೇಬಿಟ್ಟ! ನಮ್ಮ ಕಣ್ಣೆದುರೇ ಅಡ್ಮಿನ್ ಎಂದು ಒತ್ತಿದ, ಪಾಸ್‌ವರ್ಡ್ ಒತ್ತಿದ, ಸರ್ವರಿನ ಗಡಿಯಾರವನ್ನು ಒಂಬತ್ತು ದಾಟಿಸಿ ಕೂರಿಸಿದ. ಆಮೇಲೆ ರಸೀದಿ ಒತ್ತಿದ. ಬಸಣ್ಣ ಶೆಟ್ಟರು ರಸೀದಿಯಲ್ಲಿ ಹೆಸರು ನೋಡಲಿಲ್ಲ, ತೂಕ ನೋಡಲಿಲ್ಲ. ನೇರವಾಗಿ ಸಮಯ ನೋಡಿದರು, ಕಣ್ಣಿಗೊತ್ತಿಕೊಂಡರು, ಮಡಚಿ ಒಳಜೇಬಿಗೆ ಇಟ್ಟುಕೊಂಡರು. ಹಿಂದಿದ್ದವರೂ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು.

"ವೀರಭದ್ರಪ್ಪಾ, ಏನೋ ಇದು?"

"ಸೋಮವಾರಲ್ರೀ ಮೇಡಂ, ಏಳೂವರಿಯಿಂದ ಒಂಬತ್ತರ ತನಕ ರಾಹುಕಾಲ!" ಎಂದ, ಇಷ್ಟೂ ಗೊತ್ತಿಲ್ಲವೇ ಎನ್ನುವ ದನಿಯಲ್ಲಿ. "ಮೊದಲು ಕೈಲೆ ರಸೀದಿ ಬರೀತಿದ್ವಿ, ತಾರೀಖು ಅಷ್ಟ ಇರ್ತಿತ್ತು. ಯಾರಿಗೂ ತ್ರಾಸ ಇದ್ದಿಲ್ಲ. ಈ ಕಂಪ್ಯೂಟರ್ ಬಂದು ಟೈಮ್ ಹೊಡದು ಕೊಡಾಕತ್ತಿತು. ವಾರದ ಮೊದಲ ಮಾಲು, ರಾಹುಕಾಲದ ರಸೀದಿ ಬ್ಯಾಡಂತ ಶೆಟ್ರೆಲ್ಲ ಎದುರಿನ ಪಾರ್ಸೆಲ್ ಆಫೀಸಿಗೆ ಹೊಂಟಿದ್ರು. ನಾ ಕೈ ಹಿಡಿದು ನಿಲ್ಲಿಸೇನ್ರಿ."

"ಮತ್ತ ಲಾರಿ? ಲಾರಿ ರಾಹುಕಾಲದಾಗ ಹೊಂಡಬಹುದೇನು?"

"ಲಾರಿ ಹೊಂಟ ಟೈಮು ಯಾರ ಕೈಯಾಗೂ ಪ್ರಿಂಟ್ ಕೊಡೂದಿಲ್ಲಲ್ರೀ! ಕಣ್ಣಿಗೆ ಕಾಣದ್ದಕ್ಕ ದೋಷ ಇಲ್ಲ."

ಮಂಡಕ್ಕಿ ಬಂತು. ರಸೀದಿಗಳೆಲ್ಲ ಮುಗಿದ ಮೇಲೆ ವೀರಭದ್ರಪ್ಪ ಗೋಡೆಯ ಗಡಿಯಾರ ನೋಡಿ, ಸರ್ವರಿನ ಸಮಯವನ್ನು ಮತ್ತೆ ಎಂಟೂವರೆಗೆ ತಂದು ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಲಾರಿ ಹೊರಟಿತು, ಅದರ ಸಮಯ ಸರಿಯಾದ ಗಡಿಯಾರದಲ್ಲಿ ದಾಖಲಾಯಿತು. ಹೀಗಾಗಿ ಒಂಬತ್ತರ ರಸೀದಿಯ ಸರಕು ಒಂಬತ್ತಾಗುವ ಮುಂಚೆಯೇ ಊರು ಬಿಟ್ಟಿತು. ಆಡಿಟರ ಮದುವೆಗೂ ತೊಟ್ಟಿಲಿಗೂ ಇಷ್ಟೇ ಅರ್ಥ.

"ಇಷ್ಟು ಲಗೂನ ಯಾಕ ಹಿಂದಕ್ಕ ತಂದಿ?" ಎಂದು ಕೇಳಿದೆ.

"ಸತ್ತಾರ್ ಸಾಹೇಬ್ರು ಎಂಟೂವರಿಗೆ ತಪಾಸಣಿ ಮಾಡ್ತಾರಲ್ರೀ. ಅವರು ಬರೂದ್ರಾಗ ಸರಿ ಮಾಡಿ ಇಟ್ಟಿರ್ತೀನಿ. ಅವರಿಗ್ಯಾಕ ಸುಮ್ಮನ ತ್ರಾಸ?"

ಸತ್ತಾರ್ ಮಂಡಕ್ಕಿಯ ತಟ್ಟೆಯನ್ನು ನೆಲಕ್ಕಿಟ್ಟು ನಗಲು ಶುರುಮಾಡಿದ. ನಕ್ಕ, ನಕ್ಕ, ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. "ವೀರಭದ್ರಪ್ಪಣ್ಣಾ, ನನಗ ತ್ರಾಸ ಆಗಬಾರದಂತ ಮಾಡಿದ್ಯಾ? ನಾನು ನಿದ್ದಿ ಮಾಡಿ ಎಷ್ಟು ದಿನಾತು ಗೊತ್ತೈತೇನು?" ಎಂದ. ನಡೆದದ್ದನ್ನೆಲ್ಲ ನಾನು ಹೇಳಿದೆ. ವೀರಭದ್ರಪ್ಪ ಪೆಚ್ಚಾಗಿ ಕೂತ. "ಶಿವ ಶಿವಾ, ನನ್ನ ಕೈಯಾರೆ ನಾನ ಬರದು ಕೊಡ್ತೀನ್ರಿ. ಸಾಹೇಬ್ರ ಮ್ಯಾಲೆ ಬರಬಾರದು" ಎಂದು ಅವನೂ ಕಣ್ಣು ಒರೆಸಿಕೊಂಡ. ಅಡ್ಮಿನ್ ಪಾಸ್‌ವರ್ಡ್ ಎಲ್ಲಿಂದ ಬಂತು ಎಂದು ಕೇಳಿದರೆ, ಸರ್ವರ್ ಎಬ್ಬಿಸಲೆಂದು ಹಿಂದೊಮ್ಮೆ ಮುಖ್ಯ ಕಚೇರಿಯವರೇ ಎಲ್ಲ ಬ್ರಾಂಚಿಗೂ ಫೋನಿನಲ್ಲಿ ಹೇಳಿದ್ದರಂತೆ. ಕಾಗದದ ಮೇಲೆ ಸತ್ತಾರನೊಬ್ಬನದಾಗಿದ್ದ ಹೆಸರಿನಲ್ಲಿ ಇಡೀ ಆಂಧ್ರಪ್ರದೇಶವೇ ಒಳಗೆ ಬಂದು ಹೋಗುತ್ತಿತ್ತು. ಅಪೂರ್ವ, ನಿನಗೆ ಹೇಳುತ್ತಿದ್ದೇನೆ: ಹತ್ತು ಜನ ಒಂದೇ ಹೆಸರಿನಲ್ಲಿ ಓಡಾಡುವ ಕಡೆ ಲಾಗಿನ ಮಾತು ಕೇಳಿ ಯಾರ ಮೇಲೂ ಬೆರಳು ತೋರಿಸಬೇಡ.

ಮಂಗಳವಾರ ಹೈದರಾಬಾದಿಗೆ ವಾಪಸಾದೆವು. ಬಸ್ಸು ಕೆಟ್ಟು ನಿಂತು, ಆಫೀಸು ಮುಟ್ಟುವ ಹೊತ್ತಿಗೆ ಮೂರು ಗಂಟೆ ದಾಟಿತ್ತು. ಹಾಲಿನಲ್ಲಿ ಯಾರೂ ತಲೆ ಎತ್ತಿ ಸತ್ತಾರನನ್ನು ನೋಡಲಿಲ್ಲ. ವಜಾ ಪತ್ರ ಆಗಲೇ ಹೊರಬಿದ್ದಿದ್ದರೆ? ಕ್ಯಾಬಿನ್ನಿಗೆ ನುಗ್ಗಿದೆವು. ಪತ್ರ ಟೈಪಾಗಿ ಸೀತಾಪತಿ ಗಾರು ಅವರ ಮುಂದೆಯೇ ಇತ್ತು. ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. ಅವರು ಸುಮ್ಮನೆ ಕೈ ಕಟ್ಟಿಕೊಂಡು ಕೂತಿದ್ದರು.

"ಈಗ ಏನೂ ಮಾತಾಡಬೇಡಮ್ಮಾ. ಮಂಗಳವಾರ, ಮೂರರಿಂದ ನಾಲ್ಕೂವರೆ ರಾಹುಕಾಲ. ಈ ಹೊತ್ತಿನಲ್ಲಿ ಮಾಡಿದ ಯಾವ ಕೆಲಸವೂ ನಿಲ್ಲುವುದಿಲ್ಲ. ನಾಲ್ಕೂವರೆ ಆದ ಮೇಲೆ ಸಹಿ ಮಾಡುತ್ತೇನೆ."

ನಾನು ಎದುರಿನ ಕುರ್ಚಿಯಲ್ಲಿ ಧೊಪ್ಪನೆ ಕೂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಸಹಿ ಮಾಡಬೇಡಿ ಸರ್, ಕೇಳಿ ಸಾಕು. ಕೇಳುವುದಕ್ಕೆ ರಾಹುವಿನ ಅಡ್ಡಿ ಇಲ್ಲವಲ್ಲ" ಎಂದು ವೀರಭದ್ರಪ್ಪ ಬರೆದುಕೊಟ್ಟ ಕಾಗದ ಮುಂದಿಟ್ಟು, ಆದೋನಿಯಲ್ಲಿ ಕಂಡದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಶೆಟ್ಟರು ರಸೀದಿಯನ್ನು ಕಣ್ಣಿಗೊತ್ತಿಕೊಂಡದ್ದು ಹೇಳಿದಾಗ ಅವರ ಮುಖ ನಿಧಾನವಾಗಿ ಬದಲಾಯಿತು.

"ಗಿರಾಕಿಗಳು ಎದುರಿನವರ ಹತ್ತಿರ ಹೊರಟಿದ್ದರೇ?"

"ಹೌದು."

"ಪಾಪ, ಅವನಾದರೂ ಇನ್ನೇನು ಮಾಡುತ್ತಾನೆ?" ಎಂದರು. ನಮ್ಮ ಕಂಪನಿಯಲ್ಲಿ ವೀರಭದ್ರಪ್ಪನನ್ನು ಪೂರ್ತಿ ಅರ್ಥ ಮಾಡಿಕೊಂಡವರು ಅವರೊಬ್ಬರೇ ಇರಬೇಕು. "ನಾಳೆಯಿಂದ ರಸೀದಿಯಲ್ಲಿ ಸಮಯ ಅಚ್ಚು ಹಾಕುವುದು ಬೇಡ. ಒಳಗೆ ಇರಲಿ. ಗಡಿಯಾರ ಯಾರೂ ಮುಟ್ಟದ ಹಾಗೆ ಹೈದರಾಬಾದಿನಿಂದಲೇ ಸರಿಪಡಿಸಿ." ಇಷ್ಟು ಹೇಳಿ ಕಡತ ಎಳೆದುಕೊಂಡು, "ಸರಿ, ಹೋಗಿ ಕೆಲಸ ನೋಡಿ" ಎಂದರು.

ನನಗೆ ತಡೆಯಲಾಗಲಿಲ್ಲ. "ಹೋಗಿ ಕೆಲಸ ನೋಡಬೇಕೇ? ಈ ಮನುಷ್ಯನನ್ನು ಕಳ್ಳ ಎಂದಿರಿ. ಯಂತ್ರ ಬರೆದದ್ದನ್ನು ಓದಿದಿರಿ, ಇವನನ್ನು ಒಂದು ಮಾತು ಕೇಳಲಿಲ್ಲ. ಈಗ ಬಾಯಿ ತುಂಬ ತಪ್ಪಾಯಿತು ಅನ್ನಿ, ಇಲ್ಲವಾದರೆ ಆ ಪತ್ರದಲ್ಲಿ ನನ್ನ ಹೆಸರೂ ಟೈಪು ಮಾಡಿಸಿ!" ಕೂಗಿಯೇಬಿಟ್ಟೆ. 

ಸೀತಾಪತಿ ಗಾರು ವಜಾ ಪತ್ರವನ್ನು ಎರಡಾಗಿ ಹರಿದರು. ಎದ್ದು ನಿಂತು, ದನಿ ತಗ್ಗಿಸಿ, "ಮಾಫ್ ಕರೋ ಸತ್ತಾರ್. ತಪ್ಪಾಯಿತು" ಎಂದರು. ಅಷ್ಟು ಸಣ್ಣ ದನಿ ಅವರಿಗಿದೆಯೆಂದು ನನಗೆ ಗೊತ್ತಿರಲಿಲ್ಲ.

ಸತ್ತಾರ್ ಗೋಡೆಯ ಗಡಿಯಾರ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, ಅವರಿಗೆ ತಿಳಿಯುವ ಹಾಗೆ ದಖನಿಯಲ್ಲಿ ಹೇಳಿದ: ಈ ಹೊತ್ತಿನಲ್ಲಿ ಮಾಡಿದ ಕೆಲಸ ನಿಲ್ಲುವುದಿಲ್ಲವೆಂದು ತಾವೇ ಅಂದಿರಿ ಸಾಬ್. ನಾಲ್ಕೂವರೆ ಆದ ಮೇಲೆ ಇನ್ನೊಮ್ಮೆ ಹೇಳಿ. ಮೊದಲು ಎಲ್ಲಿ ನಿಂತು ಹೇಳಿದ್ದಿರೋ ಅಲ್ಲೇ ನಿಂತು ಹೇಳಿ.

ಸೀತಾಪತಿ ಗಾರು ಅವನನ್ನೇ ನೋಡುತ್ತಾ ನಿಂತರು. ಬೈಯುತ್ತಾರೆಂದು ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ತಯಾರಾದೆ. ಅವರು ಬೈಯಲಿಲ್ಲ, ಮೂವರಿಗೂ ಚಹಾ ತರಿಸಿದರು. ಕುಡಿದೆವು. ನಾಲ್ಕೂವರೆ ಕಳೆಯಿತು. ಇರಲಿ ಎಂದು ಇನ್ನೂ ಸ್ವಲ್ಪ ಹೊತ್ತು ಕಳೆಯಲು ಬಿಟ್ಟು, ಅವರು ಹಾಲಿಗೆ ನಡೆದರು. ಎಲ್ಲರೂ ಕೆಲಸ ನಿಲ್ಲಿಸಿದರು. ಈ ಸಲ ಅವರ ಮಾಮೂಲು ಏರುದನಿ: "ಎಲ್ಲರೂ ಕೇಳಿ. ಸತ್ತಾರ್ ಕಳ್ಳನಲ್ಲ. ನಾನು ತಿಳಿಯದೆ ಆಡಿದೆ. ಅವನ ಕ್ಷಮೆ ಕೇಳುತ್ತಿದ್ದೇನೆ."

ಸತ್ತಾರ್ ತಲೆ ಬಾಗಿಸಿದ. ಆಮೇಲೆ ತನ್ನ ಮೇಜಿಗೆ ಹೋಗಿ ರಾಯಚೂರಿಗೆ ಫೋನ್ ಹಚ್ಚಿದ. ಅತ್ತ ಕಡೆಯಿಂದ ತಂದೆಯ ದನಿ ಬಂದೊಡನೆ ಎದ್ದು ನಿಂತ.

"ಅಬ್ಬಾ, ಬೋಲ್ ದಿಯೇ" ಎಂದ. ಹೇಳಿಬಿಟ್ಟರು, ಎಲ್ಲರ ಮುಂದೆ ಹೇಳಿಬಿಟ್ಟರು. "ಸಬ್ ಕೇ ಸಾಮನೇ ಬೋಲ್ ದಿಯೇ."